ಹಳೇ ಎಂಜಿಬಿಗೆ ಯಾವ ಬಣ್ಣ ಹೊಡೆಸೋದು? ಕಲರ್ ಚಾರ್ಟ್ ಬಿಚ್ಚೋಕೆ ಮುಂಚೆ ಮಾಡೋ ಕೆಲಸಗಳು

ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಗೊಂಡು ರೀಸ್ಟೋರ್ ಮಾಡೋಕೆ ಕೈ ಹಾಕಿದವರು ಎಂಜಿನ್ ಬಗ್ಗೆ ತಿಂಗಳುಗಟ್ಟಲೆ ಓದ್ತಾರೆ, ಕಾರ್ಬ್ಯುರೇಟರ್ ಟ್ಯೂನಿಂಗ್ ಬಗ್ಗೆ ಊಟದ ಹೊತ್ತಲ್ಲೂ ಮಾತಾಡ್ತಾರೆ, ಬಣ್ಣ ಮಾತ್ರ ಕೊನೇಲಿ ಪೇಂಟರ್ ಫೋನ್ ಮಾಡಿ "ಯಾವ ಕಲರ್ರು, ಬೇಗ ಹೇಳಿ" ಅಂದಾಗ ಗಡಿಬಿಡೀಲಿ ಮೊಬೈಲಲ್ಲಿ ನಾಲ್ಕು ಫೋಟೋ ನೋಡಿ ಹೇಳಿಬಿಡ್ತಾರೆ. ಎಂಜಿನ್ ಸರಿ ಹೋಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಬಿಚ್ಚಬಹುದು. ಬಣ್ಣ ಇಷ್ಟ ಆಗ್ಲಿಲ್ಲ ಅಂದ್ರೆ ಗಾಜು, ಕ್ರೋಮು, ರಬ್ಬರು, ಬಾಗಿಲು ಎಲ್ಲಾ ಮತ್ತೆ ಇಳಿಸ್ಬೇಕು, ಯಾರೂ ಇಳಿಸಲ್ಲ, ಅದೇ ಬಣ್ಣದಲ್ಲಿ ಹತ್ತು ವರ್ಷ ಓಡಾಡ್ತಾರೆ.

ಇಲ್ಲಿ ನಾನು ಎಂಜಿ ಕಂಪನಿಯ ಎಂಜಿಬಿನೇ ಉದಾಹರಣೆಗೆ ಇಟ್ಕೊಂಡಿದೀನಿ, ಯಾಕಂದ್ರೆ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಹತ್ರದ ಆಬಿಂಗ್ಡನ್ ಫ್ಯಾಕ್ಟರೀಲಿ ಐದು ಲಕ್ಷಕ್ಕೂ ಮೇಲೆ ತಯಾರಾದ ಕಾರಿದು, ಬ್ರಿಟನ್ನಲ್ಲಿ ಕ್ಲಾಸಿಕ್ ಕಾರು ಅಂತ ಮೊದಲ ಸಲ ತಗೊಳ್ಳೋರಿಗೆ ಹೆಚ್ಚಾಗಿ ಸಿಗೋದೂ ಇದೇ, ನನಗೆ ಗೊತ್ತಿರೋ ಯುಕೆ ಕನ್ನಡದವರು ಒಬ್ಬಿಬ್ರು ವೀಕೆಂಡಿಗೆ ಅಂತ ಇಟ್ಕೊಂಡಿರೋದೂ ಇದೇ. ನಿಮ್ಮದು ಮಿಡ್ಜೆಟ್ಟೋ ಟ್ರಯಂಫ್ ಟಿಆರ್6ಓ ಆಸ್ಟಿನ್ ಹೀಲಿನೋ ಆಗಿದ್ರೂ ದಾರಿ ಒಂದೇ. ನನ್ನ ಲೆಕ್ಕ ಏನಂದ್ರೆ, ಬಣ್ಣ ಆರಿಸೋ ಕೆಲಸ ಅರ್ಧಕ್ಕಿಂತ ಜಾಸ್ತಿ ಕಾರೇ ಮಾಡಿ ಮುಗಿಸಿರತ್ತೆ. ಅದರ ಸೀಟು, ಬಂಪರ್ರು, ಬಾಡಿ ಎಷ್ಟು ನೆಟ್ಟಗಿದೆ ಅನ್ನೋದು, ಇವೆಲ್ಲ ಸೇರ್ಕೊಂಡು ಪಟ್ಟಿಯಿಂದ ಒಂದೊಂದೇ ಬಣ್ಣ ಹೊಡೆದು ಹಾಕ್ತಾ ಬರ್ತವೆ, ಕೊನೆಗೆ ಎರಡೋ ಮೂರೋ ಉಳಿಯತ್ತೆ, ನಿಮ್ಮ ಇಷ್ಟ ಅನ್ನೋದು ಅಲ್ಲಿಂದ ಶುರು.

ಮೊದಲು, ಫ್ಯಾಕ್ಟರಿಯಿಂದ ಯಾವ ಬಣ್ಣದಲ್ಲಿ ಬಂದಿತ್ತು ಅಂತ ಪತ್ತೆ ಮಾಡಿ

ಈಗ ಮೇಲೆ ಕಾಣೋ ಬಣ್ಣ ನಂಬಬೇಡಿ. ಐವತ್ತು ವರ್ಷದಲ್ಲಿ ಆ ಕಾರಿಗೆ ಎಷ್ಟು ಸಲ ಬಣ್ಣ ಬಿದ್ದಿದೆಯೋ ದೇವರಿಗೇ ಗೊತ್ತು, ಅದರಲ್ಲೂ ಕೆಂಪಗಿದ್ರೆ ಅನುಮಾನ ಪಡಲೇಬೇಕು, ಮಾರೋಕೆ ಮುಂಚೆ ಕೆಂಪು ಹೊಡೆಸಿಬಿಡೋದು ಹಳೇ ಚಾಳಿ.

ಪತ್ತೆ ಮಾಡೋಕೆ ಎರಡು ದಾರಿ ಇದೆ. ಒಂದು ಕಾಗದದ್ದು. ವಾರಿಕ್‌ಶೈರ್‌ನ ಗೇಡನ್ನಲ್ಲಿ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೆಯಲ್ಲ, ಅವರ ಹತ್ರ ಎಂಜಿ, ಆಸ್ಟಿನ್ ಹೀಲಿ, ಟ್ರಯಂಫ್ ಇಂಥ ಕಂಪನಿಗಳ ಹಳೇ ಉತ್ಪಾದನಾ ದಾಖಲೆ ಇದೆ, ಚಾಸಿ ನಂಬರ್ ಕೊಟ್ಟು ಫೀಸು ಕಟ್ಟಿದ್ರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡ್ತಾರೆ, ಅದರಲ್ಲಿ ಕಾರು ತಯಾರಾದ ತಾರೀಕು, ಮೂಲ ಬಣ್ಣ, ಒಳಗಿನ ಟ್ರಿಮ್ (ಸೀಟು, ಒಳಗಿನ ಹೊದಿಕೆ) ಬಣ್ಣ, ಯಾವ ಊರಿಗೆ ಅಥವಾ ದೇಶಕ್ಕೆ ಹೋಗಿತ್ತು ಅನ್ನೋದೆಲ್ಲ ಇರತ್ತೆ. ಜಾಗ್ವಾರ್ ಆಗಿದ್ರೆ ಅವರದ್ದೇ ಹೆರಿಟೇಜ್ ಟ್ರಸ್ಟ್ ಬೇರೆ ಇದೆ. ಟಿಆರ್6 ಇಟ್ಕೊಂಡಿರೋರಿಗೆ ಇನ್ನೂ ಸುಲಭ, ಕಾರಿನ ಮೇಲಿರೋ ಕಮಿಷನ್ ಪ್ಲೇಟಲ್ಲೇ ಪೇಂಟ್ ಕೋಡು, ಟ್ರಿಮ್ ಕೋಡು ಎರಡೂ ಒತ್ತಿರತ್ತೆ.

ಇನ್ನೊಂದು ದಾರಿ ಸ್ಕ್ರೂಡ್ರೈವರ್ ತಗೊಂಡು ಹುಡುಕೋದು. ಬಾಗಿಲ ಒಳಗಿನ ಪ್ಯಾನೆಲ್ ಬಿಚ್ಚಿ ನೋಡಿ, ಡ್ಯಾಶ್‌ಬೋರ್ಡ್ ಹಿಂದೆ ಟಾರ್ಚ್ ಬಿಡಿ, ಹೀಟರ್ ಡಬ್ಬ ಕೂರೋ ಜಾಗ, ಹಿಂದಿನ ಲೈಟಿನ ಒಳಬದಿ, ಕಾರ್ಪೆಟ್ ಕೆಳಗೆ, ಇಲ್ಲೆಲ್ಲ ಯಾವ ಪೇಂಟರ್ರೂ ಕೈ ಹಾಕಿರಲ್ಲ. ಎಂಜಿಬಿಲಿ ಬಾನೆಟ್ ಒಳಗೆ, ಡಿಕ್ಕಿ ಒಳಗೆ ಕೂಡ ಬಾಡಿ ಬಣ್ಣನೇ ಇರೋದು, ಹಾಗಾಗಿ ಬಣ್ಣ ಬದಲಾಯಿಸಿದ ಕಾರು ಅಲ್ಲೇ ಸಿಕ್ಕಿಬೀಳತ್ತೆ. ಕಾಣದ ಒಂದು ಮೂಲೇಲಿ ನೀರು ಹಾಕ್ಕೊಂಡು ಸಣ್ಣ ಉಪ್ಪು ಕಾಗದದಲ್ಲಿ ರೂಪಾಯಿ ಅಗಲ ನಿಧಾನಕ್ಕೆ ಉಜ್ಜಿದ್ರೆ ಒಂದರ ಕೆಳಗೆ ಒಂದು ಪದರ ಉಂಗುರ ಉಂಗುರವಾಗಿ ಕಾಣತ್ತೆ, ಪ್ರೈಮರ್ ಮೇಲೆ ಕೂತಿರೋ ಮೊದಲನೇದೇ ಫ್ಯಾಕ್ಟರಿ ಬಣ್ಣ. ಆದ್ರೆ ನಿಮ್ಮ ಕಾರಿಗೆ ಯಾವಾಗಲೋ ಹೊಸ ಶೆಲ್, ಅಂದ್ರೆ ಇಡೀ ಬಾಡಿಯ ತಗಡಿನ ಗೂಡು, ಹಾಕಿಸಿದ್ರೆ ಈ ಆಟ ನಡೆಯಲ್ಲ, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಎಂಜಿಬಿಗೆ ಪೂರ್ತಿ ಹೊಸ ಬಾಡಿ ಶೆಲ್ ಮಾಡಿ ಮಾರ್ತಿದಾರೆ, ಅದರಲ್ಲಿ ಹಳೇ ಬಣ್ಣದ ಗುರುತೇ ಇರಲ್ಲ, ಕಾಗದನೇ ಗತಿ.

ಗೊತ್ತಾದ್ಮೇಲೆ ಅದೇ ಹೊಡೆಸಬೇಕು ಅಂತೇನಿಲ್ಲ. ಆದ್ರೂ ಗೊತ್ತಿರಲಿ, ಯಾಕಂದ್ರೆ ಬೇರೆ ಬಣ್ಣಕ್ಕೆ ಹೋಗೋದಾದ್ರೆ ಬಾನೆಟ್ ಒಳಗೆ, ಡಿಕ್ಕಿ, ಬಾಗಿಲ ಸಂದಿ, ಡ್ಯಾಶ್ ಕೆಳಗೆ ಎಲ್ಲಾ ಕಡೆ ಹೊಸ ಬಣ್ಣ ಹೋಗಲೇಬೇಕು, ಅಂದ್ರೆ ಎಂಜಿನ್ ಎತ್ತಬೇಕು, ವೈರಿಂಗ್ ಬಿಚ್ಚಬೇಕು. ಎಂಜಿನ್ ಇಳಿಸೋ ಪ್ಲಾನೇ ಇಲ್ಲದಿದ್ರೆ ನಿಮಗೆ ಆಯ್ಕೆನೂ ಇಲ್ಲ, ಈಗ ಎಂಜಿನ್ ಬೇಯಲ್ಲಿ ಯಾವ ಬಣ್ಣ ಇದೆಯೋ ಅದೇ ನಿಮ್ಮ ಬಣ್ಣ, ಈ ಲೇಖನದ ಕೊನೇ ಎರಡು ಭಾಗ ಓದಿದ್ರೆ ಸಾಕು. ಹೊರಗೆ ಹಸಿರು, ಬಾನೆಟ್ ಎತ್ತಿದ್ರೆ ಕಿತ್ತಳೆ ಅನ್ನೋ ಕಾರು ನೋಡೋಕೂ ಚೆನ್ನಾಗಿರಲ್ಲ, ಮಾರೋವಾಗ್ಲೂ ಎದುರಿನವರು ಮೊದಲು ಕೇಳೋದು ಅದನ್ನೇ.

ಯಾರಿಗೋಸ್ಕರ ಹೊಡೆಸ್ತಿದೀರಿ

ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳ್ಕೊಳ್ಳಿ, ಯಾರೂ ಕೇಳಿಸ್ಕೊಳ್ತಿಲ್ಲ. ಎರಡು ವರ್ಷದಲ್ಲಿ ಮಾರೋದು ಅಂತಿದ್ರೆ ಮೂಲ ಬಣ್ಣಕ್ಕೇ ವಾಪಸ್ ಹೋಗಿ, ಸರ್ಟಿಫಿಕೇಟಲ್ಲಿರೋ ಬಣ್ಣ ಮತ್ತೆ ಕಾರಿನ ಬಣ್ಣ ಒಂದೇ ಆಗಿದ್ರೆ ವಾದನೇ ಇರಲ್ಲ. ಜಾಗ್ವಾರ್ ಇ-ಟೈಪ್ ಥರ ತುಂಬಾ ಬೆಲೆಬಾಳೋ ಕಾರಿನ ವಿಷಯದಲ್ಲಂತೂ ಎರಡನೇ ಯೋಚನೆನೇ ಬೇಡ. ಎಂಜಿಬಿ ಅಷ್ಟು ಅಪರೂಪದ್ದಲ್ಲ, ಸಾಯೋವರೆಗೂ ಇಟ್ಕೊಳ್ತೀನಿ ಅನ್ನೋರು ತಮಗೆ ಬೇಕಾದ್ದು ಹೊಡೆಸ್ಕೊಳ್ಳಲಿ, ಒಂದೇ ಒಂದು ಮಾತು ಅಂದ್ರೆ ಆ ಕಾರು ತಯಾರಾದ ವರ್ಷದ ಕಲರ್ ಲಿಸ್ಟ್ ಒಳಗೇ ಇರಿ. 1965ರ ಕಾರಿಗೆ 1975ರ ಬಣ್ಣ ಹೊಡೆಸಿದ್ರೆ ಗೊತ್ತಿಲ್ಲದವರಿಗೂ ಏನೋ ಎಡವಟ್ಟಾಗಿದೆ ಅನ್ಸತ್ತೆ, ಏನು ಅಂತ ಹೇಳೋಕೆ ಬರಲ್ಲ ಅಷ್ಟೇ. ಈಗಿನ ಮಾಡರ್ನ್ ಕಾರುಗಳ ಮುತ್ತಿನ ಹೊಳಪಿನ ಬಣ್ಣ, ಮ್ಯಾಟ್ ಗ್ರೇ ಇವೆಲ್ಲ ಈ ಕಾರುಗಳ ಮೇಲೆ ನನಗೆ ಖಂಡಿತ ಹಿಡಿಸಲ್ಲ.

ಸೀಟು, ಬಂಪರ್ರು, ಚಕ್ರ

ಬ್ಲೌಸ್ ಪೀಸ್ ತಗೊಳ್ಳೋಕೆ ಹೋದಾಗ ಅಮ್ಮಂದಿರು ಸೀರೆ ಜೊತೇಲೇ ತಗೊಂಡು ಹೋಗಿ, ಅಂಗಡಿಯಿಂದ ಆಚೆ ಬಂದು ಬಿಸಿಲಲ್ಲಿ ಎರಡೂ ಒಟ್ಟಿಗೆ ಹಿಡಿದು ನೋಡ್ತಾರಲ್ಲ, ಕಾರಿಗೂ ಅಷ್ಟೇ. ಓಪನ್ ಟಾಪ್ ರೋಡ್‌ಸ್ಟರ್ ಅಂದ್ರೆ ಸೀಟು ಯಾವಾಗ್ಲೂ ಹೊರಗೇ ಕಾಣ್ತಿರತ್ತೆ, ಮಾಮೂಲಿ ಕಾರಿನ ಹಾಗೆ ಗಾಜಿನ ಹಿಂದೆ ಅಡಗಿರಲ್ಲ.

ಕಪ್ಪು ಸೀಟಿದ್ರೆ ಬಚಾವ್, ಯಾವ ಬಣ್ಣ ಆದ್ರೂ ನಡೆಯತ್ತೆ. ಕೆಂಪು ಸೀಟಿದ್ರೆ ಕೆನೆ ಬಿಳಿ, ಕಪ್ಪು, ಬೂದು ಇವು ಚೆನ್ನಾಗಿ ಕೂರತ್ತೆ, ಕಡು ಹಸಿರಿಗೆ ಕೆಂಪು ಸೀಟು ಕೆಲವರಿಗೆ ಇಷ್ಟ, ನನಗೆ ಅದು ಕ್ರಿಸ್ಮಸ್ ಅಲಂಕಾರ ಅನ್ಸತ್ತೆ. ಎಪ್ಪತ್ತರ ದಶಕದ ಕಾರುಗಳಲ್ಲಿ ಆಟಮ್ ಲೀಫ್ ಅಂತ ಒಣಗಿದ ಎಲೆ ಬಣ್ಣದ ಸೀಟು ಬರ್ತಿತ್ತು, ಅದಕ್ಕೆ ಕಡು ಹಸಿರು, ಬಿಳಿ, ಕಂದು ಬಳಗದ ಬಣ್ಣ ಹೊಂದತ್ತೆ, ತಿಳಿ ನೀಲಿ ಹೊಡೆಸಿದ್ರೆ ಒಂದಕ್ಕೊಂದು ಜಗಳ. ಕೊನೇ ವರ್ಷಗಳ ಕಾರುಗಳಲ್ಲಿ ಡೆಕ್‌ಚೇರ್ ಸ್ಟ್ರೈಪ್ ಅಂತ ಪಟ್ಟೆ ಪಟ್ಟೆ ಬಟ್ಟೆ ಸೀಟು ಇರ್ತಿತ್ತು, ಅದು ಇದ್ದು ಚೆನ್ನಾಗೂ ಇದ್ರೆ ದಯವಿಟ್ಟು ಕಿತ್ತು ಹಾಕಬೇಡಿ, ಬಾಡಿಗೆ ಗದ್ದಲ ಇಲ್ಲದ ಬಣ್ಣ ಒಂದು ಆರಿಸ್ಕೊಳ್ಳಿ, ಪಟ್ಟೆ ಮಾತಾಡಲಿ. ಸೀಟೇ ಹೊಸದಾಗಿ ಮಾಡಿಸ್ತೀನಿ ಅನ್ನೋರಾದ್ರೆ ಮೊದಲು ಸೀಟಿನ ಬಣ್ಣ ನಿರ್ಧಾರ ಮಾಡಿ, ಯಾಕಂದ್ರೆ ರೆಡಿಮೇಡ್ ಟ್ರಿಮ್ ಕಿಟ್ ಸಿಗೋದು ಬೆರಳೆಣಿಕೆ ಬಣ್ಣದಲ್ಲಿ, ಪೇಂಟ್ ಆದ್ರೆ ಯಾವುದು ಬೇಕಾದ್ರೂ ಕಲಸಿ ಕೊಡ್ತಾರೆ. ಮಡಚೋ ಟಾಪಿನ ಬಣ್ಣನೂ ಈ ಲೆಕ್ಕದಲ್ಲಿ ಸೇರಿಸ್ಕೊಳ್ಳಿ, ಇಂಗ್ಲೆಂಡಲ್ಲಿ ಅದು ಮುಚ್ಚೇ ಇರೋ ದಿನಗಳು ಜಾಸ್ತಿ.

ಬಂಪರ್ ವಿಷಯ ಇನ್ನೂ ಮುಖ್ಯ. 1974ರ ಶರತ್ಕಾಲದವರೆಗೆ ಬಂದಿದ್ದು ಕ್ರೋಮ್ ಬಂಪರ್, ಆಮೇಲೆ ಅಮೆರಿಕದ ಸೇಫ್ಟಿ ಕಾನೂನಿಗೋಸ್ಕರ ದಪ್ಪ ಕಪ್ಪು ರಬ್ಬರ್ ಬಂಪರ್ ಬಂತು, ಕಾರೂ ಸ್ವಲ್ಪ ಎತ್ತರ ಆಯ್ತು. ಕ್ರೋಮ್ ಇರೋ ಕಾರಿಗೆ ಕಡು ಬಣ್ಣ ಹೊಡೆಸಿದ್ರೆ ಕ್ರೋಮ್ ಎದ್ದು ಹೊಳೆಯತ್ತೆ, ಬಿಳಿ ಹೊಡೆಸಿದ್ರೆ ಅಷ್ಟು ಎದ್ದು ಕಾಣಲ್ಲ. ರಬ್ಬರ್ ಬಂಪರಿನ ಕಾರಿಗೆ ಬಿಳಿ ಅಥವಾ ತಿಳಿ ಹಳದಿ ಹೊಡೆಸಿದ್ರೆ ನೋಡೋರ ಕಣ್ಣು ಸೀದಾ ಆ ಕಪ್ಪು ಮೂತಿ ಮೇಲೇ ಹೋಗತ್ತೆ, ಕಡು ಹಸಿರು, ಕಡು ನೀಲಿ, ಕಪ್ಪು ಇವುಗಳಲ್ಲಿ ಬಂಪರ್ ಬಾಡಿ ಜೊತೆ ಕರಗಿ ಹೋಗತ್ತೆ. ಎಂಜಿಯವರಿಗೂ ಇದು ಗೊತ್ತಿತ್ತೋ ಏನೋ, 1975ರಲ್ಲಿ ಕಂಪನಿಗೆ ಐವತ್ತು ವರ್ಷ ಅಂತ ಸುಮಾರು 750 ಜ್ಯುಬಿಲಿ ಜಿಟಿ (ಗಟ್ಟಿ ಟಾಪಿನ ಎಂಜಿಬಿ) ಕಾರು ಬಿಟ್ಟಾಗ ಅವಕ್ಕೆ ಹೊಡೆದಿದ್ದು ಕಡು ಹಸಿರು, ಪಕ್ಕದಲ್ಲಿ ಚಿನ್ನದ ಬಣ್ಣದ ಪಟ್ಟೆ, ರಬ್ಬರ್ ಬಂಪರ್ ಕಾರುಗಳಲ್ಲಿ ಇವತ್ತಿಗೂ ನೋಡೋಕೆ ಚೆನ್ನಾಗಿರೋದು ಅವೇ.

ಚಕ್ರದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ, ಸಿಲ್ವರ್ ಪೇಂಟ್ ಹೊಡೆದ ವೈರ್ ವೀಲ್ (ಸೈಕಲ್ ಥರ ತಂತಿ ಕಡ್ಡಿ ಇರೋ ಚಕ್ರ) ಎಲ್ಲಾ ಬಣ್ಣಕ್ಕೂ ಹೊಂದತ್ತೆ, ಕ್ರೋಮ್ ವೈರ್ ವೀಲ್ ಕಡು ಬಣ್ಣಕ್ಕೆ ಇರಲಿ.

ಬಾಡಿ ಎಷ್ಟು ನೆಟ್ಟಗಿದೆ

ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಪೇಂಟ್ ಖರ್ಚಲ್ಲಿ ದೊಡ್ಡ ಪಾಲು ಹೋಗೋದು ಬಣ್ಣಕ್ಕಲ್ಲ, ಅದಕ್ಕೆ ಮುಂಚಿನ ಡೆಂಟಿಂಗು, ಪುಟ್ಟಿ, ಉಜ್ಜೋ ಕೆಲಸಕ್ಕೆ. ಕಪ್ಪು, ಕಡು ನೀಲಿ, ಕಡು ಹಸಿರು ಇವು ಕನ್ನಡಿ ಥರ ಪ್ರತಿಬಿಂಬ ತೋರಿಸ್ತವೆ, ಬಾಗಿಲಲ್ಲಿ ಕೂದಲೆಳೆಯಷ್ಟು ಅಲೆ ಇದ್ರೂ ಬೀದಿ ದೀಪದ ಗೆರೆ ಅದರ ಮೇಲೆ ಹಾವಿನಂತೆ ಬಳುಕತ್ತೆ. ಬಿಳಿ, ಕೆನೆ, ತಿಳಿ ಹಳದಿ ಇವು ಸುಮಾರು ತಪ್ಪನ್ನ ಹೊಟ್ಟೇಲಿ ಹಾಕ್ಕೊಳ್ತವೆ.

ಪರೀಕ್ಷೆ ಮಾಡೋದು ಕಷ್ಟ ಏನಲ್ಲ. ಪ್ರೈಮರ್ ಹಂತದಲ್ಲಿ ಬಾಡಿ ಮೇಲೆ ನೀರು ಹಾಕಿ ಒದ್ದೆ ಮಾಡಿ, ಉದ್ದನೆ ಟ್ಯೂಬ್‌ಲೈಟ್ ಒಂದು ಪಕ್ಕದಲ್ಲಿ ಹಿಡಿದು, ಆ ಗೆರೆ ಬಾಗಿಲಿಂದ ಹಿಂದಿನ ವಿಂಗಿಗೆ (ಚಕ್ರದ ಮೇಲಿನ ತಗಡು) ಹೋಗೋವಾಗ ಮುರಿಯತ್ತಾ ಬಳುಕತ್ತಾ ನೋಡಿ. ಪೇಂಟರ್ ಹತ್ರ ಗೈಡ್ ಕೋಟ್ ಹಾಕಿಸೋಕೆ ಹೇಳಿ, ಅಂದ್ರೆ ಪ್ರೈಮರ್ ಮೇಲೆ ಬೇರೆ ಬಣ್ಣ ತೆಳ್ಳಗೆ ಧೂಳಿನ ಥರ ಉದುರಿಸಿ, ಉದ್ದನೆ ಬ್ಲಾಕ್‌ಗೆ ಕಾಗದ ಸುತ್ತಿ ಉಜ್ಜೋದು, ತಗ್ಗು ಇರೋ ಕಡೆ ಆ ಬಣ್ಣ ಉಳ್ಕೊಳ್ಳತ್ತೆ, ಉಬ್ಬು ಇರೋ ಕಡೆ ಬೇಗ ಹೋಗತ್ತೆ. ಎಂಜಿಬಿಲಿ ತುಕ್ಕು ಹಿಡಿದು ಸಿಲ್ (ಬಾಗಿಲ ಕೆಳಗಿನ ಉದ್ದ ತಗಡು) ಬದಲಾಯಿಸಿರೋದು ಸರ್ವೇಸಾಮಾನ್ಯ, ಹಾಗಾಗಿ ಬಾಗಿಲ ಸಂದಿ ಮೇಲೊಂದು ಕೆಳಗೊಂದು ಅಗಲ ಇರತ್ತೆ. ತಿಳಿ ಬಣ್ಣದಲ್ಲಿ ಸಂದಿಯ ಕಪ್ಪು ಗೆರೆ ಎದ್ದು ಕಾಣತ್ತೆ, ಕಡು ಬಣ್ಣದಲ್ಲಿ ಮುಚ್ಚಿ ಹೋಗತ್ತೆ. ಅಂದ್ರೆ ಅಲೆ ಇದ್ರೆ ತಿಳಿ ಬಣ್ಣ, ಸಂದಿ ಸರಿ ಇಲ್ಲದಿದ್ರೆ ಕಡು ಬಣ್ಣ, ಎರಡೂ ಕೆಟ್ಟಿದ್ರೆ ಪೇಂಟ್ ಬಜೆಟ್ ಪಕ್ಕಕ್ಕಿಟ್ಟು ಬಾಡಿಯವನ ಹತ್ರ ವಾಪಸ್ ಹೋಗಿ.

ಬ್ರಿಟಿಷ್ ರೇಸಿಂಗ್ ಗ್ರೀನ್, ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳ್ಬೇಕು

ಹತ್ತು ಜನರಲ್ಲಿ ಆರು ಜನ ಮೊದಲು ಹೇಳೋದು ಇದೇ ಹೆಸರು. ಪೇಂಟ್ ಅಂಗಡಿಗೆ ಹೋಗಿ ಬರೀ "ಬ್ರಿಟಿಷ್ ರೇಸಿಂಗ್ ಗ್ರೀನ್ ಕೊಡಿ" ಅಂದ್ರೆ ನಿಮಗೆ ಏನು ಸಿಗತ್ತೆ ಅನ್ನೋದು ಅದೃಷ್ಟ, ಯಾಕಂದ್ರೆ ಆ ಹೆಸರಿನ ಒಂದೇ ಬಣ್ಣ ಯಾವತ್ತೂ ಇರಲೇ ಇಲ್ಲ.

ಕಥೆ ಶುರುವಾಗೋದು ಗಾರ್ಡನ್ ಬೆನೆಟ್ ಕಪ್ ರೇಸಿಂದ. 1902ರಲ್ಲಿ ಸೆಲ್ವಿನ್ ಎಡ್ಜ್ ನೇಪಿಯರ್ ಕಾರಲ್ಲಿ ಗೆದ್ದ, ಗೆದ್ದ ದೇಶ ಮುಂದಿನ ವರ್ಷ ರೇಸ್ ನಡೆಸಬೇಕು ಅಂತ ರೂಲು, ಆದ್ರೆ ಬ್ರಿಟನ್ನಿನ ಸಾರ್ವಜನಿಕ ರಸ್ತೇಲಿ ರೇಸ್ ಮಾಡೋ ಹಾಗಿರಲಿಲ್ಲ. ಅದಕ್ಕೆ 1903ರ ರೇಸನ್ನ ಐರ್ಲೆಂಡಿನ ಕಿಲ್ಡೇರ್ ಕಡೆ ಆಥಿ ಊರಿನ ಸುತ್ತ ನಡೆಸಿದ್ರು, ಆ ನೆಲದ ಗೌರವಕ್ಕೆ ಬ್ರಿಟಿಷ್ ಕಾರುಗಳಿಗೆ ಹಸಿರು ಹಚ್ಚಿದ್ರು ಅಂತ ಹೇಳ್ತಾರೆ. ಅಲ್ಲಿಂದ ಹಸಿರು ಉಳೀತು, ಯಾವ ಹಸಿರು ಅನ್ನೋದು ಆಯಾ ತಂಡಕ್ಕೆ ಬಿಟ್ಟಿದ್ದು. 1958ರಲ್ಲಿ ಫಾರ್ಮುಲಾ ಒನ್ನಿನ ಮೊದಲ ಕನ್‌ಸ್ಟ್ರಕ್ಟರ್ಸ್ ಚಾಂಪಿಯನ್‌ಶಿಪ್ ಗೆದ್ದ ವ್ಯಾನ್‌ವಾಲ್ ಹಸಿರು ಒಂದು, ಕೂಪರ್ ಹಸಿರಿಗೆ ಬಿಳಿ ಪಟ್ಟೆ, ಜಿಮ್ ಕ್ಲಾರ್ಕ್ ಓಡಿಸ್ತಿದ್ದ ಲೋಟಸ್ ಹಸಿರಿಗೆ ಹಳದಿ ಪಟ್ಟೆ. ಸ್ಕಾಟ್ಲೆಂಡಿನ ಎಕುರಿ ಎಕೋಸ್ ತಂಡದವರಂತೂ ಹಸಿರೇ ಬೇಡ ಅಂತ ನೀಲಿ ಹಚ್ಕೊಂಡು 1956, 1957 ಎರಡು ವರ್ಷ ಲೆ ಮಾನ್ 24 ಗಂಟೆ ರೇಸ್ ಗೆದ್ದರು. 1968ರಲ್ಲಿ ಲೋಟಸ್ ತಂಡ ಸಿಗರೇಟ್ ಕಂಪನಿ ಬಣ್ಣಕ್ಕೆ ಹೋದ ಮೇಲೆ ಹಸಿರಿನ ಕಾಲ ಮುಗೀತು.

ಎಂಜಿಬಿ ಒಂದರಲ್ಲೇ ನೋಡಿ, ಶುರುವಿನ ವರ್ಷಗಳ ಬ್ರಿಟಿಷ್ ರೇಸಿಂಗ್ ಗ್ರೀನ್ ಕೋಡು ಜಿಎನ್ 25, ಅರವತ್ತರ ದಶಕದ ಕೊನೇದು ಜಿಎನ್ 29, ಎರಡೂ ಬೇರೆ ಬೇರೆ. ಜಾಗ್ವಾರ್‌ದು ಬೇರೆ, ಟ್ರಯಂಫ್‌ದು ಬೇರೆ. ಹಾಗಾಗಿ ಹೆಸರು ಹೇಳಬೇಡಿ, ಕೋಡ್ ಹೇಳಿ. ಇನ್ನೊಂದು ವಿಷಯ, ಹಳೇ ಕಡು ಹಸಿರು ಮೋಡದ ದಿನ ಹೆಚ್ಚುಕಮ್ಮಿ ಕಪ್ಪೇ ಕಾಣತ್ತೆ, ಬಿಸಿಲು ಬಿದ್ದಾಗ ಮಾತ್ರ ಹಸಿರು ಹೊರಗೆ ಬರೋದು. ಇಂಗ್ಲೆಂಡಿನ ಹಳ್ಳಿ ರಸ್ತೇಲಿ ಎರಡೂ ಕಡೆ ಬೇಲಿ ಗಿಡ, ಜಿನುಗು ಮಳೆ, ಅದರ ಮಧ್ಯ ಸೊಂಟದೆತ್ತರದ ಕಡು ಹಸಿರು ಕಾರು ಬರ್ತಿದ್ರೆ ಎದುರಿನ ವ್ಯಾನಿನವನಿಗೆ ಕಾಣೋದೇ ಲೇಟು. ರೇಸ್ ಟ್ರ್ಯಾಕಲ್ಲಿ ಅದು ಸಮಸ್ಯೆ ಆಗಿರಲಿಲ್ಲ. ಹೆಡ್‌ಲೈಟ್ ಹಾಕ್ಕೊಂಡೇ ಓಡಿಸ್ತೀನಿ ಅನ್ನೋದಾದ್ರೆ ಸರಿ.

ಭಾರತದಲ್ಲಿ ಇಂಥ ಕಾರು ಇಟ್ಕೊಂಡಿರೋರಿಗೆ ಇಲ್ಲೊಂದು ಎಚ್ಚರಿಕೆ ಹೇಳ್ಬೇಕು. ನಮ್ಮ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ 121ನೇ ನಿಯಮ ಅಂತ ಇದೆ, ಆಲಿವ್ ಗ್ರೀನ್ ಬಣ್ಣ ಸೇನೆಯ ವಾಹನಗಳಿಗೆ ಮಾತ್ರ, ಬೇರೆಯವರು ಹಚ್ಚೋ ಹಾಗಿಲ್ಲ. ಕಡು ಬಾಟಲ್ ಹಸಿರಿಗೆ ತೊಂದರೆ ಇಲ್ಲ, ಆದ್ರೆ ಎಪ್ಪತ್ತರ ದಶಕದ ಎಂಜಿಬಿಲಿ ಟಂಡ್ರಾ ಅಂತ ಒಂದು ಮಣ್ಣು ಮಿಶ್ರಿತ ಪಾಚಿ ಹಸಿರು ಬರ್ತಿತ್ತು, ಬೆಂಗಳೂರಲ್ಲಿ ಅದನ್ನ ಹೊಡೆಸಿ ಇನ್ಸ್‌ಪೆಕ್ಟರ್ ಮುಂದೆ ನಿಂತ್ಕೊಂಡು ಇದು ಮೂಲ ಬಣ್ಣ ಸಾರ್, ಇಂಗ್ಲೆಂಡಿಂದ ಸರ್ಟಿಫಿಕೇಟ್ ಇದೆ ಅಂತ ವಾದ ಮಾಡೋ ಧೈರ್ಯ ನನಗಂತೂ ಇಲ್ಲ.

ಕೆಂಪು, ಬಿಳಿ, ಮತ್ತೆ ಯಾರೂ ಕೇಳದ ಬಣ್ಣಗಳು

ಕೆಂಪು ಬೇಡ ಅಂತ ನಾನು ಹೇಳಲ್ಲ, ಟಾರ್ಟನ್ ರೆಡ್ ಅಂತ ಶುರುವಿನ ಕಾರುಗಳದ್ದು, ಕೋಡು ಆರ್‌ಡಿ 9, ಕ್ರೋಮ್ ಜೊತೆ ನಿಜಕ್ಕೂ ಚೆನ್ನಾಗಿರತ್ತೆ. ಆಮೇಲಿನ ಫ್ಲೇಮ್ ರೆಡ್ ಸ್ವಲ್ಪ ಕಿತ್ತಳೆ ಕಡೆ ವಾಲತ್ತೆ, ಡಮಾಸ್ಕ್ ರೆಡ್ ಕುಂಕುಮದ ಕಡೆ. ಕೆಂಪಿನ ಎರಡು ಕಷ್ಟ ಗೊತ್ತಿರಲಿ, ಒಂದು ಮುಚ್ಚೋ ಶಕ್ತಿ ಕಮ್ಮಿ, ಕೋಟು ಜಾಸ್ತಿ ಬೇಕು, ಕೆಳಗಿನ ಪ್ರೈಮರ್ ಬಣ್ಣ ಎಲ್ಲಾ ಕಡೆ ಒಂದೇ ಸಮ ಇರಬೇಕು, ಇಲ್ಲಾಂದ್ರೆ ಮಚ್ಚೆ ಮಚ್ಚೆ ಕಾಣತ್ತೆ. ಎರಡನೇದು ಕ್ಲಿಯರ್ (ಮೇಲೆ ಹೊಡೆಯೋ ಬಣ್ಣವಿಲ್ಲದ ಪದರ) ಇಲ್ಲದ ಕೆಂಪು ಬಿಸಿಲಿಗೆ ಬಿಳಿಚಿಕೊಂಡು ಗುಲಾಬಿ ಆಗತ್ತೆ, ಪಾಲಿಷ್ ಮಾಡ್ತಾ ಇರಬೇಕು. ಹಳದಿಗೂ ಮುಚ್ಚೋ ಶಕ್ತಿಯ ತೊಂದರೆ ಇದ್ದೇ ಇದೆ.

ಬಿಳೀಲಿ ಓಲ್ಡ್ ಇಂಗ್ಲಿಷ್ ವೈಟ್, ಡಬ್ಲ್ಯೂಟಿ 3, ಹೆಸರಿಗೆ ಬಿಳಿ, ನೋಡೋಕೆ ಹಾಲಿನ ಕೆನೆ. ಅರವತ್ತರ ದಶಕದ ಕಾರಿಗೆ, ಕೆಂಪು ಅಥವಾ ಕಪ್ಪು ಸೀಟಿಗೆ, ಬಾಡಿ ಅಷ್ಟಕ್ಕಷ್ಟೇ ಇರೋರಿಗೆ ನಾನು ಕಣ್ಣು ಮುಚ್ಕೊಂಡು ಹೇಳೋ ಬಣ್ಣ ಇದು. ಗ್ಲೇಸಿಯರ್ ವೈಟ್ ಆಮೇಲಿನದು, ಅದು ತಣ್ಣನೆ ಬಿಳಿ, ಅರವತ್ತರ ಕಾರಿಗೆ ಹೊಡೆಸಿದ್ರೆ ಫ್ರಿಜ್ ಬಾಗಿಲು ನೆನಪಾಗತ್ತೆ.

ನನಗೆ ಪ್ರೀತಿ ಇರೋದು ಮಾತ್ರ ಎಂಜಿಯ ಮಾಲೀಕರಾಗಿದ್ದ ಬ್ರಿಟಿಷ್ ಲೇಲ್ಯಾಂಡ್ ಕಾಲದ ಬಣ್ಣಗಳ ಮೇಲೆ. ಎಪ್ಪತ್ತರ ದಶಕದಲ್ಲಿ ಅವರಿಗೆ ಏನಾಗಿತ್ತೋ, ಬ್ಲ್ಯಾಕ್ ಟ್ಯೂಲಿಪ್ ಅಂತ ಬದನೆಕಾಯಿ ಬಣ್ಣ, ಅಕೋನೈಟ್ ಅಂತ ಇನ್ನೊಂದು ನೇರಳೆ, ಬ್ಲೇಜ್ ಅಂತ ಕಡು ಕಿತ್ತಳೆ, ಹಾರ್ವೆಸ್ಟ್ ಗೋಲ್ಡ್ ಅಂತ ಮಾಸಿದ ಅರಿಶಿನ, ಲೈಮ್‌ಫ್ಲವರ್ ಅಂತ ಹಳದಿಯೂ ಅಲ್ಲದ ಹಸಿರೂ ಅಲ್ಲದ ಒಂದು, ಟೀಲ್ ಬ್ಲೂ ಅಂತ ನವಿಲು ನೀಲಿ. ಇವುಗಳ ಕೋಡು ಬಿಎಲ್‌ವಿಸಿ ಅಂತ ಶುರುವಾಗಿ ಮುಂದೆ ಒಂದು ನಂಬರ್ ಇರತ್ತೆ. ಎಂಬತ್ತು ತೊಂಬತ್ತರ ದಶಕದಲ್ಲಿ ಜನ ಇವನ್ನ ನೋಡಿ ನಕ್ಕು ಎಲ್ಲಾ ಕೆಂಪು ಹಸಿರು ಮಾಡಿಸಿಬಿಟ್ರು, ಅದಕ್ಕೇ ಈಗ ಯಾವುದಾದ್ರೂ ಮೀಟಲ್ಲಿ ಇಪ್ಪತ್ತು ಎಂಜಿಬಿ ಸಾಲಾಗಿ ನಿಂತಿದ್ರೆ ಎಲ್ಲರೂ ಹೋಗಿ ಮುತ್ಕೊಳ್ಳೋದು ಆ ಒಂದು ಬದನೆಕಾಯಿ ಬಣ್ಣದ್ದನ್ನ. ನಿಮ್ಮ ಸರ್ಟಿಫಿಕೇಟಲ್ಲಿ ಇವುಗಳಲ್ಲಿ ಯಾವುದಾದ್ರೂ ಹೆಸರು ಬಂದಿದ್ರೆ ಹೆದರಬೇಡಿ, ಅದೇ ಹೊಡೆಸಿ.

ಮೆಟಾಲಿಕ್ ಬಗ್ಗೆ ಚುಟುಕಾಗಿ ಹೇಳಿಬಿಡ್ತೀನಿ. ಕ್ರೋಮ್ ಬಂಪರ್ ಎಂಜಿಬಿಲಿ ಹೆಚ್ಚಾಗಿ ಇದ್ದಿದ್ದು ಸಾಲಿಡ್, ಅಂದ್ರೆ ಲೋಹದ ಮಿನುಗು ಇಲ್ಲದ ಬಣ್ಣ. ಜಾಗ್ವಾರ್ ಬೇರೆ, 1961ರಲ್ಲಿ ಜಿನೀವಾದಲ್ಲಿ ತೋರಿಸಿದ ಇ-ಟೈಪ್ ಕೂಪೆನೇ ಗನ್‌ಮೆಟಲ್ ಬೂದು ಬಣ್ಣದ್ದು, ಆ ಉದ್ದ ಬಾನೆಟ್ಟಿನ ಉಬ್ಬು ತಗ್ಗಿನ ಮೇಲೆ ಮೆಟಾಲಿಕ್ ಚೆಂದ. ಮೆಟಾಲಿಕ್ ಒಂದು ಕಡೆ ಗೀರಿದ್ರೆ ಅಷ್ಟೇ ಜಾಗ ಸರಿ ಮಾಡೋಕಾಗಲ್ಲ, ಪ್ಯಾನೆಲ್ ಪೂರ್ತಿ ಹೊಡೆಯಬೇಕು, ಕೆಲವು ಸಲ ಪಕ್ಕದ್ದಕ್ಕೂ ಸ್ವಲ್ಪ ಹಬ್ಬಿಸ್ಬೇಕು. ದಿನಾ ಓಡಿಸೋರಿಗೆ ಸಾಲಿಡ್ಡೇ ವಾಸಿ.

ಶೀಟ್ ಮೇಲೆ ಹೊಡೆಸಿ, ಹೊರಗೆ ಇಟ್ಟು ನೋಡಿ

ಮೊಬೈಲ್ ಸ್ಕ್ರೀನಲ್ಲಿ ನೋಡಿ ಬಣ್ಣ ಫೈನಲ್ ಮಾಡಬೇಡಿ, ಉಗುರಿನಷ್ಟು ಚೌಕದ ಪ್ರಿಂಟ್ ಚಾರ್ಟ್ ನೋಡಿ ಅಂತೂ ಬೇಡವೇ ಬೇಡ. ಉಳಿದಿರೋ ಎರಡು ಮೂರು ಬಣ್ಣನ ತಲಾ ಸ್ವಲ್ಪ ಕಲಸಿಸಿ, ತಗಡಿನ ಶೀಟ್ ಮೇಲೆ ಹೊಡೆಸಿ. ಆದಷ್ಟು ದೊಡ್ಡದಿರಲಿ, ಬಾಗಿರೋದಾದ್ರೆ ಇನ್ನೂ ಒಳ್ಳೇದು, ಗುಜರಿಯಿಂದ ಹಳೇ ವಿಂಗ್ ತುಂಡು ತಂದ್ರೂ ನಡೆಯತ್ತೆ. ಸಣ್ಣ ತುಂಡಲ್ಲಿ ಇಷ್ಟ ಆದ ಗಾಢ ಬಣ್ಣ ಇಡೀ ಕಾರಿನ ಮೇಲೆ ಕಣ್ಣಿಗೆ ಹೊಡೆಯತ್ತೆ. ಕಾರಿಗೆ ಹೊಡೆಯೋ ಅದೇ ಪೇಂಟು, ಅದೇ ಪ್ರೈಮರ್, ಅಷ್ಟೇ ಕೋಟು ಇರಬೇಕು.

ಆ ಶೀಟನ್ನ ಸೀಟಿನ ಪಕ್ಕ, ಬಂಪರ್ ಪಕ್ಕ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ಮುಸ್ಸಂಜೆ, ಮೋಡ ಇರೋವಾಗ, ಪೆಟ್ರೋಲ್ ಬಂಕಿನ ಲೈಟ್ ಕೆಳಗೆ, ಎಲ್ಲಾ ಹೊತ್ತಲ್ಲೂ ನೋಡಿ. ಒಂದು ಬೆಳಕಲ್ಲಿ ಒಂದೇ ಥರ ಕಂಡ ಎರಡು ಬಣ್ಣ ಇನ್ನೊಂದು ಬೆಳಕಲ್ಲಿ ಬೇರೆ ಬೇರೆ ಕಾಣೋದುಂಟು, ಬೂದು ಮತ್ತೆ ನೀಲಿ-ಹಸಿರು ಬಣ್ಣಗಳು ಇದರಲ್ಲಿ ಬಹಳ ಮೋಸ ಮಾಡ್ತವೆ. ಒಂದು ವಾರ ಎದುರಿಗೆ ಇಟ್ಕೊಂಡಿರಿ, ಯಾವುದನ್ನ ನೋಡಿ ಬೇಜಾರಾಗತ್ತೋ ಅದು ತಾನೇ ಹೊರಗೆ ಹೋಗತ್ತೆ. ಮೂಲ ಬಣ್ಣ ಮ್ಯಾಚ್ ಮಾಡಿಸೋಕೆ ಕಾರಿನ ತುಂಡನ್ನೇ ಪೇಂಟ್ ಅಂಗಡಿಯ ಸ್ಕ್ಯಾನರಿಗೆ ಕೊಡೋರು, ಬಿಸಿಲು ಬೀಳದ ಜಾಗದ ತುಂಡು ಕೊಡಿ, ಮೇಲಿನ ಮಾಸಿದ ಪದರ ಕಾಂಪೌಂಡ್ ಹಾಕಿ ಉಜ್ಜಿ ತೆಗೆದಿರಬೇಕು, ಇಲ್ಲಾಂದ್ರೆ ಸ್ಕ್ಯಾನರ್ ಕೊಡೋದು ಐವತ್ತು ವರ್ಷ ಮಾಸಿದ ಬಣ್ಣದ ಫಾರ್ಮುಲಾ.

ಪೇಂಟ್ ಯಾವ ಥರದ್ದು, ಆಮೇಲೆ ಕಾಗದ ಪತ್ರ

ಒಂದೇ ಕೋಡ್ ಬೇರೆ ಬೇರೆ ಥರದ ಪೇಂಟಲ್ಲಿ ಬೇರೆ ಥರ ಕಾಣತ್ತೆ, ಅದಕ್ಕೇ ಇದೂ ಬಣ್ಣ ಆರಿಸೋದರ ಭಾಗನೇ. ಸೆಲ್ಯುಲೋಸ್ ಹಳೇದು, ಮೃದುವಾದ ಹೊಳಪು, ಮನೇಲಿ ಹೊಡೆಯೋರು ತಪ್ಪಿದ್ರೆ ಉಜ್ಜಿ ಸರಿ ಮಾಡ್ಕೋಬಹುದು, ಆದ್ರೆ ಕೋಟು ಮೇಲೆ ಕೋಟು ಬೇಕು, ಕೆಳಗೆ ಹಳೇ ಸಿಂಥೆಟಿಕ್ ಎನಾಮಲ್ ಇದ್ರೆ ಅದರ ಥಿನ್ನರ್ ತಾಗಿ ಸುಕ್ಕು ಸುಕ್ಕಾಗಿ ಎದ್ದು ಬರತ್ತೆ. 2ಕೆ ಅನ್ನೋದು ಹಾರ್ಡ್‌ನರ್ ಬೆರೆಸೋ ಪೇಂಟು, ಗಟ್ಟಿ, ಬಾಳಿಕೆ ಜಾಸ್ತಿ. ಅದರಲ್ಲಿ ಐಸೋಸಯನೇಟ್ ಇರತ್ತೆ, ಶ್ವಾಸಕೋಶಕ್ಕೆ ಹೋದ್ರೆ ಆಸ್ತಮಾ ಬರೋ ಅಷ್ಟು ಅಪಾಯ, ಹೊರಗಿಂದ ಗಾಳಿ ಬರೋ ಏರ್ ಫೆಡ್ ಮಾಸ್ಕ್ ಇಲ್ಲದೆ ಗ್ಯಾರೇಜಲ್ಲಿ ಹೊಡೆಯೋ ಸಾಹಸ ಖಂಡಿತ ಬೇಡ. ಸಾಲಿಡ್ ಬಣ್ಣಕ್ಕೆ ನನ್ನ ಓಟು ಕ್ಲಿಯರ್ ಇಲ್ಲದ 2ಕೆ ಸಿಂಗಲ್ ಸ್ಟೇಜಿಗೆ. ಬೇಸ್ ಹೊಡೆದು ಮೇಲೆ ಕ್ಲಿಯರ್ ಹಾಕಿದ್ರೆ ಅರವತ್ತರ ದಶಕದ ಕಾರು ಗಾಜಿನ ಡಬ್ಬೀಲಿ ಅದ್ದಿ ತೆಗೆದ ಹಾಗೆ ಕಾಣತ್ತೆ. ಮೆಟಾಲಿಕ್ ಆದ್ರೆ ಈಗ ಬೇಸ್ ಕ್ಲಿಯರ್ರೇ ಹಾಕೋದು.

ಪೇಂಟರ್‌ಗೆ ಎಲ್ಲಾ ಬರೆದು ಕೊಡಿ, ಬಾಯಿ ಮಾತು ಬೇಡ. ಬಣ್ಣದ ಹೆಸರು, ಕೋಡು, ಪೇಂಟಿನ ಥರ, ಎಂಜಿನ್ ಬೇ ಮತ್ತೆ ಡಿಕ್ಕಿ ಸೇರಿದೆಯಾ ಇಲ್ವಾ, ನೀವು ಒಪ್ಪಿದ ಶೀಟಿನ ಒಂದು ತುಂಡು ಅವರ ಹತ್ರ, ಒಂದು ನಿಮ್ಮ ಹತ್ರ. ಇಡೀ ಕಾರಿಗೆ ಬೇಕಾಗೋ ಪೇಂಟು ಒಂದೇ ಸಲ ಕಲಸಿಸಿ, ಮಧ್ಯದಲ್ಲಿ ಖಾಲಿ ಆಗಿ ಇನ್ನೊಂದು ಡಬ್ಬಿ ತರಿಸಿದ್ರೆ ಬಾನೆಟ್ ಒಂದು ಥರ, ವಿಂಗ್ ಒಂದು ಥರ ಆಗೋ ಚಾನ್ಸ್ ಇದೆ.

ಬಣ್ಣ ಬದಲಾದ್ರೆ ಬ್ರಿಟನ್ನಲ್ಲಿ ವಿ5ಸಿ ಲಾಗ್‌ಬುಕ್ಕಲ್ಲಿ ಹೊಸ ಬಣ್ಣ ತುಂಬಿ ಅಲ್ಲಿನ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎಗೆ ಕಳಿಸ್ಬೇಕು, ಅದಕ್ಕೆ ದುಡ್ಡಿಲ್ಲ. ಇನ್ಶೂರೆನ್ಸ್ ಕಂಪನಿಗೂ ಹೊಸ ಫೋಟೋ ಕಳಿಸಿ, ಪೇಂಟ್ ಆದ್ಮೇಲೆ ಕಾರಿನ ಒಪ್ಪಿಗೆ ಬೆಲೆ (ಕಾರು ಹಾಳಾದ್ರೆ ಇಷ್ಟು ಕೊಡ್ತೀವಿ ಅಂತ ಮೊದಲೇ ಒಪ್ಪಿದ ಮೊತ್ತ) ಏರಿಸೋಕೂ ಅದೇ ಸರಿಯಾದ ಸಮಯ. ಭಾರತದಲ್ಲಾದ್ರೆ ಆರ್‌ಸೀಲಿ ಬಣ್ಣ ನಮೂದಾಗಿರತ್ತೆ, ಆರ್‌ಟಿಒಗೆ ಅರ್ಜಿ ಕೊಟ್ಟು ತಿದ್ದಿಸ್ಕೊಳ್ಳಿ, ಬಣ್ಣ ಹೊಡೆಸೋಕೆ ಮುಂಚೆನೇ ಹೋಗಿ ವಿಚಾರಿಸಿ ಬಂದ್ರೆ ಓಡಾಟ ಕಮ್ಮಿ.

ಉಳಿದ ಪೇಂಟನ್ನ ಹಾರ್ಡ್‌ನರ್ ಬೆರೆಸದೆ ಅರ್ಧ ಲೀಟರ್ ಆದ್ರೂ ಮನೆಗೆ ತನ್ನಿ, ಮುಚ್ಚಳ ಬಿಗಿ ಮಾಡಿ, ಡಬ್ಬಿ ಮೇಲಿನ ಫಾರ್ಮುಲಾ ಚೀಟಿಯ ಫೋಟೋ ತೆಗೆದಿಟ್ಕೊಳ್ಳಿ. ಪೇಂಟ್ ಒಣಗಿ ಹೋದ್ರೂ ಪರವಾಗಿಲ್ಲ, ಆ ಚೀಟಿ ಇದ್ರೆ ಮುಂದೆ ಯಾರಾದ್ರೂ ಸೂಪರ್ ಮಾರ್ಕೆಟ್ ಪಾರ್ಕಿಂಗಲ್ಲಿ ಟ್ರಾಲಿ ತಂದು ಗುದ್ದಿದಾಗ ಅದೇ ಬಣ್ಣ ಮತ್ತೆ ಕಲಸಿಸ್ಕೋಬಹುದು.